ಥೆರಪಿ ಕೇಂದ್ರದ ಗೋಡೆಯ ಮೇಲಿನ ‘ಸರ್ಕಾರಿ ಮಾನ್ಯತೆ’ಯನ್ನು ಹತ್ತಿರ ಹೋಗಿ ಓದಿ

ನನ್ನ ಮಗನಿಗೆ ಆಟಿಸಂ ಇದೆ. ನಾಲ್ಕು ವರ್ಷದವನಿದ್ದಾಗ ಅವನನ್ನು ಸೇರಿಸಿದ ಕೇಂದ್ರದ ಫಲಕದಲ್ಲಿ ‘ಸರ್ಕಾರದಿಂದ ಮಾನ್ಯತೆ ಪಡೆದ ಸಂಸ್ಥೆ’ ಎಂದಿತ್ತು. ಒಳಗೆ ಕಟ್ಟು ಹಾಕಿಸಿದ ಎರಡು ಪ್ರಮಾಣಪತ್ರಗಳು. ಮುದ್ರೆ ಕಂಡಿತು, ನಂಬಿದೆವು. ವರ್ಷದ ಶುಲ್ಕವನ್ನು ಮುಂಗಡವಾಗಿಯೇ ಕಟ್ಟಿದೆವು.

ಎಂಟು ತಿಂಗಳ ಮೇಲೆ ಥೆರಪಿಯ ಬಿಲ್ಲುಗಳನ್ನು ನಿರಾಮಯ ವಿಮೆಗೆ ಕಳುಹಿಸಿದೆ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್ ಅಂಗವಿಕಲರಿಗಾಗಿ ನಡೆಸುವ ಈ ಆರೋಗ್ಯ ವಿಮಾ ಯೋಜನೆಯಲ್ಲಿ 1 ಲಕ್ಷ ರೂಪಾಯಿವರೆಗೆ ನೆರವಿದೆ, ಥೆರಪಿಗೆ ಅದರೊಳಗೇ ಬೇರೆ ಮಿತಿ. ಬಿಲ್ಲುಗಳು ವಾಪಸು ಬಂದವು: ಚಿಕಿತ್ಸೆ ಕೊಟ್ಟವರ ನೋಂದಣಿ ಸಂಖ್ಯೆ ಇಲ್ಲ. ಕೇಂದ್ರದವರನ್ನು ಕೇಳಿದಾಗಲೆಲ್ಲ ‘ನಾಳೆ ಕೊಡುತ್ತೇವೆ’ ಎಂದರು. ಆಗ ಮೊದಲ ಬಾರಿಗೆ ಆ ಪ್ರಮಾಣಪತ್ರಗಳ ಎದುರು ನಿಂತು ಓದಿದೆ. ಒಂದು, ಆ ಕೇಂದ್ರ ನಡೆಸುವ ಟ್ರಸ್ಟಿನ ನೋಂದಣಿ ಪತ್ರ. ಇನ್ನೊಂದು ಆದಾಯ ತೆರಿಗೆ ಕಾಯ್ದೆಯ 80ಜಿ ಪತ್ರ, ಅಂದರೆ ದಾನಿಗಳಿಗೆ ತೆರಿಗೆ ವಿನಾಯಿತಿ ಕೊಡಿಸುವಂಥದ್ದು. ಮಕ್ಕಳ ಬಗ್ಗೆ, ಕಲಿಸುವವರ ಬಗ್ಗೆ ಎರಡರಲ್ಲೂ ಒಂದಕ್ಷರವಿಲ್ಲ.

ಅಲ್ಲಿ ಇರಬೇಕಾಗಿದ್ದದ್ದೇ ಬೇರೆ. ಅಂಗವಿಕಲರಿಗಾಗಿ ಸಂಸ್ಥೆ ನಡೆಸುವವರು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 50ನೇ ಸೆಕ್ಷನ್ ಪ್ರಕಾರ ರಾಜ್ಯದ ಸಕ್ಷಮ ಪ್ರಾಧಿಕಾರದಿಂದ ನೋಂದಣಿ ಪತ್ರ ಪಡೆದಿರಬೇಕು. ಅದರ ಅವಧಿ ಮುಗಿದಿಲ್ಲವೇ ಎಂಬುದನ್ನೂ ನೋಡಿ. ವಿಶೇಷ ಶಿಕ್ಷಕರು, ವಾಕ್ ಚಿಕಿತ್ಸಕರು, ಕ್ಲಿನಿಕಲ್ ಮನಶ್ಶಾಸ್ತ್ರಜ್ಞರ ಹೆಸರು ಭಾರತೀಯ ಪುನರ್ವಸತಿ ಪರಿಷತ್ತಿನ ಕೇಂದ್ರ ನೋಂದಣಿ ಪುಸ್ತಕದಲ್ಲಿ ಇರಬೇಕು. ಆ ಪರಿಷತ್ತಿನ 1992ರ ಕಾಯ್ದೆ ಅದನ್ನು ಕಡ್ಡಾಯ ಮಾಡಿದೆ. ನಾನು ಹುಡುಕಿದೆ. ಮಗನಿಗೆ ಮಾತು ಕಲಿಸುತ್ತಿದ್ದ ಯುವತಿಯ ಹೆಸರು ಸಿಗಲಿಲ್ಲ. ಅವರು ಅವನನ್ನು ಪ್ರೀತಿಯಿಂದಲೇ ನೋಡಿಕೊಂಡರು, ಇದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಆದರೆ ಅವರಿಗೆ ತರಬೇತಿಯೇ ಇರಲಿಲ್ಲ.

ಕಟ್ಟಿದ ಹಣ ಬರಲಿಲ್ಲ. ಅದಕ್ಕಿಂತ ನನ್ನನ್ನು ಸುಡುವುದು ಆ ಎಂಟು ತಿಂಗಳು. ಮಾತು ಕಲಿಯುವ ವಯಸ್ಸಿನ ಎಂಟು ತಿಂಗಳನ್ನು ಯಾವ ವಿಮೆಯೂ ತುಂಬಿಕೊಡುವುದಿಲ್ಲ.

ಹಾಗೆಯೇ, ನಿರಾಮಯದ ಅವಧಿ ಮಾರ್ಚ್ 31ಕ್ಕೆ ಮುಗಿಯುತ್ತದೆ. ನವೀಕರಣವನ್ನು ಮೊದಲೇ ಮಾಡಿಸಿ. ವೈದ್ಯರ ಚೀಟಿ, ಮೂಲ ಬಿಲ್ಲುಗಳನ್ನು ಜೋಪಾನವಾಗಿಡಿ.

ಮಗ ಈಗ ಬೇರೆ ಕಡೆ ಹೋಗುತ್ತಿದ್ದಾನೆ. ಅಲ್ಲಿ ಸಂಕೋಚಪಡುತ್ತಲೇ ನೋಂದಣಿ ಸಂಖ್ಯೆ ಕೇಳಿದೆ. ಶಿಕ್ಷಕಿ ಬೇಸರಿಸಿಕೊಳ್ಳಲಿಲ್ಲ, ಚೀಲದಿಂದ ಪ್ರಮಾಣಪತ್ರ ತೆಗೆದು ನನ್ನ ಕೈಗೇ ಕೊಟ್ಟರು.