ತೊಡೆಸಂದಿನ ಬಿಗಿತಕ್ಕೆ ಮಸಾಜ್ ಗನ್, ಸೋಫಾ ಸ್ಟ್ರೆಚ್, ಮಂಡಿಯೂರುವುದು: ನನ್ನ ಓಟು ಕೊನೆಯದಕ್ಕೆ

ಮೂರನ್ನೂ ಮಾಡಿ ನೋಡಿದ್ದೇನೆ. ಗೆದ್ದದ್ದು ಕಾಸು ಖರ್ಚಿಲ್ಲದ್ದು. ಒಂದು ಮಂಡಿಯೂರಿ, ಇನ್ನೊಂದು ಪಾದ ಮುಂದಿಟ್ಟು, ಬಾಲದ ಮೂಳೆಯನ್ನು ಒಳಕ್ಕೆ ಎಳೆದುಕೊಂಡು ಮಾಡುವ ಸ್ಟ್ರೆಚ್. ಅದರ ಬೆನ್ನಿಗೇ ಗ್ಲೂಟ್ ಬ್ರಿಡ್ಜ್, ಅಂದರೆ ಅಂಗಾತ ಮಲಗಿ, ಮಂಡಿ ಮಡಚಿ, ಪೃಷ್ಠದ ಸ್ನಾಯುಗಳ (ಗ್ಲೂಟ್ಸ್) ಬಲದಿಂದ ಸೊಂಟ ಮೇಲೆತ್ತುವುದು. ಹತ್ತಿರ ಹತ್ತಿರ ನಾಲ್ಕು ಸಾವಿರ ಕೊಟ್ಟು ತಂದ ಮಸಾಜ್ ಗನ್ನನ್ನು ಅಪ್ಪನಿಗೆ ಕೊಟ್ಟಿದ್ದೇನೆ. ಅವರ ಮೀನಖಂಡದ ನೋವಿಗೆ ಹಿತವಾಗಿದೆಯಂತೆ.

ನನ್ನ ತೊಂದರೆ ಕುರ್ಚಿ ಕೆಲಸದವರಿಗೆಲ್ಲ ಗೊತ್ತಿರುವಂಥದ್ದೇ. ದಿನವಿಡೀ ಲ್ಯಾಪ್‌ಟಾಪ್ ಮುಂದೆ, ಬೆಳಿಗ್ಗೆ ಒಂದಿಷ್ಟು ಓಟ. ಓಡುವಾಗ ಕಾಲು ಹಿಂದಕ್ಕೆ ಹೋಗುವ ಬದಲು ನಡು ಬಾಗುತ್ತಿತ್ತು. ಆಮೇಲೆ ಕೆಳಬೆನ್ನು ನೋವು. ತೊಡೆ ಹಿಂದಕ್ಕೆ ಹೋಗಬೇಕಾದ್ದು ಏನೂ ಜಾಸ್ತಿ ಅಲ್ಲ. ಸಾಮಾನ್ಯವಾಗಿ 10ರಿಂದ 20 ಡಿಗ್ರಿ. ನಡೆಯುವುದಕ್ಕೆ ಸುಮಾರು 10 ಡಿಗ್ರಿ ಸಾಕು. ಸೊಂಟದ ಕೀಲಿನ ಮುಂಭಾಗದಲ್ಲಿ ಮೂಳೆಗಳನ್ನು ಕಟ್ಟಿಹಿಡಿಯುವ ಇಲಿಯೊಫೆಮೊರಲ್ ಲಿಗಮೆಂಟ್ ಎಂಬ ಪಟ್ಟಿ ತುಂಬಾ ಗಟ್ಟಿ, ಅದಕ್ಕಿಂತ ಹೆಚ್ಚು ದೂರ ಬಿಡುವುದೂ ಇಲ್ಲ. ಕೂತು ಕೂತು ಕಳೆದುಕೊಳ್ಳುವುದು ಈ ಸಣ್ಣ ಚಲನೆಯನ್ನೇ.

ಏನು ಬಿಗಿಯಾಗಿದೆ ಅಂತ ಮೊದಲು ತಿಳಿಯಬೇಕು. 19ನೇ ಶತಮಾನದಲ್ಲಿ ಲಿವರ್‌ಪೂಲ್‌ನಲ್ಲಿದ್ದ ವೈದ್ಯ ಹ್ಯೂ ಓವನ್ ಥಾಮಸ್ ಹೆಸರಿನ ಪರೀಕ್ಷೆಯೊಂದಿದೆ. ಅದರ ಈಗಿನ ರೂಪವನ್ನು ಮಂಚದ ಮೇಲೇ ಮಾಡಬಹುದು. ಮಂಚದ ಅಂಚಿಗೆ ಪೃಷ್ಠ ಬರುವಂತೆ ಮಲಗಿ. ಒಂದು ಮಂಡಿಯನ್ನು ಎದೆಗೆ ಅಪ್ಪಿಕೊಂಡು ಇನ್ನೊಂದು ಕಾಲನ್ನು ಇಳಿಬಿಡಿ. ತೊಡೆ ಮಂಚದ ಮಟ್ಟಕ್ಕೆ ಇಳಿಯದಿದ್ದರೆ ತೊಡೆಯನ್ನು ಮೇಲೆತ್ತುವ ಆಳದ ಸ್ನಾಯು ಸೋವಾಸ್ ಕಡೆ ಅನುಮಾನ. ತೊಡೆ ಇಳಿದರೂ ಮಂಡಿ ಮಡಚದೆ ನೆಟ್ಟಗಾಗಲು ನೋಡಿದರೆ ತೊಡೆಯ ಮುಂಭಾಗದ ರೆಕ್ಟಸ್ ಫೆಮೊರಿಸ್ ಬಿಗಿ. ನನ್ನದು ಮೊದಲ ಬಗೆ.

ಗನ್ ಸೋತಿದ್ದು ಇಲ್ಲೇ. ಸೋವಾಸ್ ಶುರುವಾಗುವುದು ಬೆನ್ನುಮೂಳೆಯ ಕೆಳಭಾಗದಲ್ಲಿ. ಕರುಳಿನ ಹಿಂದೆ ಇಳಿದು ತೊಡೆಮೂಳೆಯ ಒಳಬದಿಗೆ ಅಂಟಿಕೊಳ್ಳುತ್ತದೆ. ಅಷ್ಟು ಆಳಕ್ಕೆ ಗನ್ ಮುಟ್ಟುವುದಿಲ್ಲ, ಹೊಟ್ಟೆಯ ಮೇಲೆ ಅದನ್ನು ಒತ್ತಲೂ ಬಾರದು. ತೊಡೆಯ ಮೇಲೆ ಆಡಿಸಿದರೆ ಹಾಯೆನಿಸುತ್ತದೆ, ಸಂಜೆಗೆ ಮತ್ತೆ ಅದೇ ಬಿಗಿತ.

ಸೋಫಾ ಸ್ಟ್ರೆಚ್ ಜಿಮ್‌ನವರ ಅಚ್ಚುಮೆಚ್ಚು. ಹಿಂದಿನ ಕಾಲಿನ ಮಂಡಿಯನ್ನು ಸೋಫಾದ ಸೀಟಿನ ಮೇಲೆ ಊರಿ, ಅದೇ ಕಾಲಿನ ಮುಂಗಾಲನ್ನು ಸೋಫಾದ ಬೆನ್ನಿಗೆ ಆನಿಸಿ ನಿಲ್ಲುವುದು. ಎಳೆತ ಜೋರಾಗಿಯೇ ಸಿಗುತ್ತದೆ. ಆದರೆ ನನಗೆ ಬೇಕಾದ ಜಾಗದಲ್ಲಿ ಸಿಗಲಿಲ್ಲ. ರೆಕ್ಟಸ್ ಫೆಮೊರಿಸ್ ಸೊಂಟದ ಕೀಲನ್ನೂ ಮಂಡಿಯನ್ನೂ ದಾಟುವ ಸ್ನಾಯು. ಮಂಡಿ ಪೂರ್ತಿ ಮಡಚಿದಾಗ ಮೊದಲು ಅದೇ ತುದಿ ಮುಟ್ಟುತ್ತದೆ. ಮುಟ್ಟಿ, ಸೊಂಟದ ಮೂಳೆಯನ್ನು ಮುಂದಕ್ಕೆ ಬಗ್ಗಿಸುತ್ತದೆ. ಕೂಡಲೇ ನಡು ಕಮಾನಾಗುತ್ತದೆ.

ಈ ಕಮಾನೇ ದೊಡ್ಡ ಕಾಟ. ಕಾಲು ಹಿಂದಕ್ಕೆ ಹೋದಂತೆ ಕಾಣುತ್ತದೆ, ಕೀಲು ಮಾತ್ರ ಅಲ್ಲೇ ಇರುತ್ತದೆ. ಬೆನ್ನಿನ ಮೂಳೆಗಳು ಒಂದರ ಮೇಲೊಂದು ಒತ್ತಿಕೊಂಡು ಲೆಕ್ಕ ತುಂಬಿಕೊಡುತ್ತವೆ. ಹೀಗೆ ಎಷ್ಟು ಹೊತ್ತು ನಿಂತರೂ ತೊಡೆಸಂದು ಸಡಿಲವಾಗುವುದಿಲ್ಲ, ಬೆನ್ನುನೋವು ಮಾತ್ರ ಗ್ಯಾರಂಟಿ. ಕನ್ನಡಿಯಲ್ಲಿ ಎದುರಿನಿಂದ ನೋಡಿದರೆ ಇದು ಗೊತ್ತೇ ಆಗುವುದಿಲ್ಲ. ಪಕ್ಕದಿಂದ ಫೋನಿನಲ್ಲಿ ವಿಡಿಯೊ ಮಾಡಿಸಿಕೊಳ್ಳಿ.

ಮಂಡಿಯೂರುವ ಸ್ಟ್ರೆಚ್‌ನಲ್ಲಿ ಇದನ್ನು ತಡೆಯುವುದು ಸುಲಭ. ಮಂಡಿ ಸುಮಾರು 90 ಡಿಗ್ರಿಯಲ್ಲೇ ಇರುವುದರಿಂದ ರೆಕ್ಟಸ್ ಫೆಮೊರಿಸ್ ಮೇಲೆ ಅಷ್ಟು ಎಳೆತವಿಲ್ಲ. ಹಿಂದಿನ ಕಾಲಿನ ಪೃಷ್ಠವನ್ನು ಬಿಗಿಹಿಡಿದು, ಬಾಲದ ಮೂಳೆಯನ್ನು ಕೆಳಕ್ಕೆ ಒಳಕ್ಕೆ ತಂದುಕೊಳ್ಳಬೇಕು. ಒಂದು ಕೈ ಕೆಳಗಿನ ಪಕ್ಕೆಲುಬಿನ ಮೇಲೆ, ಇನ್ನೊಂದು ಸೊಂಟದ ಮುಂದಿನ ಮೂಳೆಯ ಮೇಲೆ ಇಡಿ. ಮುಂದಕ್ಕೆ ಜರುಗುವಾಗ ಎರಡು ಕೈಗಳ ನಡುವಿನ ಅಂತರ ಹೆಚ್ಚಾಯಿತೋ, ನಡು ಕಮಾನಾಯಿತು ಅಂತಲೇ ಅರ್ಥ. ಅಲ್ಲಿಗೇ ನಿಲ್ಲಿಸಿ ಹಿಂದಕ್ಕೆ ಬನ್ನಿ. ಸರಿಯಾಗಿ ಮಾಡಿದರೆ ಒಂದೆರಡು ಅಂಗುಲ ಜರುಗುವಷ್ಟರಲ್ಲೇ ತೊಡೆಸಂದಿನ ಆಳದಲ್ಲಿ ಎಳೆತ ಗೊತ್ತಾಗುತ್ತದೆ. ಅರ್ಧ ನಿಮಿಷ ಹಿಡಿದರೆ ಸಾಕು. ಟೈಲ್ಸ್ ನೆಲವಾದರೆ ಮಂಡಿಯ ಕೆಳಗೆ ಮಡಚಿದ ಟವೆಲ್ ಇರಲಿ.

ಸಡಿಲವಾದರಷ್ಟೇ ಸಾಲದು, ಸಿಕ್ಕ ಆ ಡಿಗ್ರಿಗಳಲ್ಲಿ ಪೃಷ್ಠದ ಸ್ನಾಯು ಕೆಲಸ ಮಾಡಬೇಕು ಅಲ್ವಾ? ಅದಕ್ಕೇ ಬ್ರಿಡ್ಜ್. ಪಾದವನ್ನು ಪೃಷ್ಠದಿಂದ ದೂರವಿಟ್ಟರೆ ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್‌ಗೆ ಭಾರ ಜಾಸ್ತಿ. ಹಿಮ್ಮಡಿಯನ್ನು ಹತ್ತಿರ ತಂದರೆ ಹ್ಯಾಮ್‌ಸ್ಟ್ರಿಂಗ್ ಗಿಡ್ಡವಾಗಿ ಬಲ ಕಳೆದುಕೊಳ್ಳುತ್ತದೆ, ಗ್ಲೂಟ್ಸ್ ದುಡಿಯಲೇಬೇಕು. ಭುಜ, ಸೊಂಟ, ಮಂಡಿ ಒಂದೇ ಗೆರೆಗೆ ಬಂದರೆ ಸಾಕು, ಅದಕ್ಕಿಂತ ಮೇಲೆತ್ತಿದರೆ ಮತ್ತೆ ಅದೇ ಕಮಾನು. ಮಂಡಿಯ ಮೇಲೆ ಹಾಕಿಕೊಳ್ಳುವ ಲೂಪ್ ಬ್ಯಾಂಡ್ ಕೊಳ್ಳುವುದಾದರೆ ಬಟ್ಟೆಯದೇ ಕೊಳ್ಳಿ, ರಬ್ಬರಿನದು ಸುರುಳಿ ಸುತ್ತಿಕೊಳ್ಳುತ್ತದೆ.

ನಾನು ಜಿಮ್‌ಗೆ ಹೋಗುವವನಲ್ಲ. ಓಟಕ್ಕೆ ಮುಂಚೆ ಹಾಲ್‌ನಲ್ಲಿ ಚಾಪೆ ಹಾಸುವಷ್ಟು ಜಾಗ, ಒಂದು ಕಾಫಿ ಕುದಿಯುವಷ್ಟು ಹೊತ್ತು, ಇಷ್ಟೇ ನನ್ನ ಬಳಿ ಇರುವುದು. ಅದಕ್ಕೆ ಇದು ಸರಿಹೊಂದುತ್ತದೆ. ಮಂಚದ ಪರೀಕ್ಷೆಯಲ್ಲಿ ಮಂಡಿ ನೆಟ್ಟಗಾಗುವವರು ಸೋಫಾ ಸ್ಟ್ರೆಚ್ ಮಾಡಿ ನೋಡಬಹುದು, ಬಾಲದ ಮೂಳೆ ಒಳಗಿದ್ದರೆ ಮಾತ್ರ. ತೊಡೆಸಂದಿನಲ್ಲಿ ಚುಚ್ಚಿದಂಥ ನೋವೋ, ಕಾಲಿನಲ್ಲಿ ಜೋಮೋ ಇದ್ದವರು ಮೊದಲು ಫಿಸಿಯೊಥೆರಪಿಸ್ಟ್‌ಗೆ ತೋರಿಸಿ.