ಸ್ಪ್ಲೂಗೆನ್ ಘಾಟಿಯನ್ನು ಸೈಕಲ್‌ನಲ್ಲಿ ಒಂಟಿಯಾಗಿ ಇಳಿಯಲು ಹೊರಟವರು ದಯವಿಟ್ಟು ಓದಿ

ಜರ್ಮನಿ-ಸ್ವಿಟ್ಜರ್ಲೆಂಡ್ ಗಡಿಯ ಬೋಡನ್‌ಸೇ ಸರೋವರದಿಂದ ಆಲ್ಪ್ಸ್ ಬೆಟ್ಟ ದಾಟಿ ಇಟಲಿಯ ಕೋಮೋ ಸರೋವರದವರೆಗೆ ನಾನು ಸೈಕಲ್‌ನಲ್ಲಿ ಹೋದ ದಾರಿಯ ನಕ್ಷೆ ಕಳುಹಿಸಿ ಎಂದು ಈ ವರ್ಷ ಐದಾರು ಮಂದಿ ಕೇಳಿದ್ದಾರೆ. ಅವರಲ್ಲಿ ಇಬ್ಬರು ಮೊದಲ ಬಾರಿ ಯುರೋಪಿಗೆ ಹೋಗುತ್ತಿರುವವರು. ಒಬ್ಬ ಹುಡುಗಿ ನನ್ನಂತೆಯೇ ಒಂಟಿಯಾಗಿ ಹೊರಟವಳು. ನಕ್ಷೆಯನ್ನು ಖಂಡಿತ ಕೊಡುತ್ತೇನೆ. ಆದರೆ ನಾನು ಎಲ್ಲರಿಗೂ ತೋರಿಸಿದ ಚಿತ್ರಗಳಲ್ಲಿ ಇಲ್ಲದ ಒಂದು ಮಧ್ಯಾಹ್ನ ಆ ದಾರಿಯಲ್ಲಿದೆ. ಅದನ್ನು ಮುಚ್ಚಿಟ್ಟು ನಕ್ಷೆ ಕೊಡಲು ಮನಸ್ಸು ಒಪ್ಪುತ್ತಿಲ್ಲ.

ನಾನು ತೀರ್ಥಹಳ್ಳಿಯವಳು. ಮಳೆ ನನಗೆ ಹೊಸದಲ್ಲ. ಆಗುಂಬೆ ಘಾಟಿಯ 14 ತಿರುವುಗಳನ್ನು ಜುಲೈ ಮಳೆಯಲ್ಲಿ ಇಳಿದಿದ್ದೇನೆ. ಸೋಮೇಶ್ವರದಲ್ಲಿ ಚಹಾ ಕುಡಿದು ಒದ್ದೆ ಬಟ್ಟೆಯಲ್ಲೇ ಹೆಬ್ರಿಯವರೆಗೆ ಹೋಗಿದ್ದೇನೆ. ಈ ಅನುಭವವೇ ಅಲ್ಲಿ ನನಗೆ ಮುಳುವಾಯಿತು. ನಮ್ಮ ಘಾಟಿ ಇಳಿದರೆ ಕೆಳಗೆ ಕರಾವಳಿಯ ಸೆಕೆ ಕಾದಿರುತ್ತದೆ, ಮೈ ಎಷ್ಟೇ ತೊಯ್ದಿದ್ದರೂ ಅರ್ಧ ಗಂಟೆಯಲ್ಲಿ ಬೆಚ್ಚಗಾಗುತ್ತದೆ. ಸ್ವಿಟ್ಜರ್ಲೆಂಡ್ ಮತ್ತು ಇಟಲಿಯ ಗಡಿಯಲ್ಲಿರುವ ಸ್ಪ್ಲೂಗೆನ್ ಘಾಟಿಯ ನೆತ್ತಿ ಸುಮಾರು 2,115 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ತುದಿ 1,930 ಮೀಟರ್. ಕರ್ನಾಟಕದ ಅತಿ ಎತ್ತರದ ಶಿಖರಕ್ಕಿಂತಲೂ ಮೇಲೆ ಹಾದುಹೋಗುವ ರಸ್ತೆ ಅದು. ಚಳಿಗಾಲವಿಡೀ ಹಿಮದಿಂದ ಮುಚ್ಚಿರುತ್ತದೆ. ಈ ಅಂಕಿಗಳೆಲ್ಲ ನನಗೆ ಹೊರಡುವ ಮೊದಲೇ ಗೊತ್ತಿದ್ದವು. ಏರುವುದು ಎಷ್ಟು ಕಷ್ಟ ಎಂದು ಲೆಕ್ಕ ಹಾಕಲು ಮಾತ್ರ ಅವುಗಳನ್ನು ಬಳಸಿದ್ದೆ. ಇಳಿಯುವುದರ ಬಗ್ಗೆ ಒಂದು ನಿಮಿಷವೂ ಯೋಚಿಸಿರಲಿಲ್ಲ.

ಮೊದಲ ಮೂರು ದಿನಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅವು ಸುಂದರವಾಗಿದ್ದವು. ನನ್ನ ತಮ್ಮ ಬೋಡನ್‌ಸೇ ದಂಡೆಯ ಜರ್ಮನ್ ಊರಾದ ಕೊನ್‌ಸ್ಟಾನ್ಸ್‌ನಲ್ಲಿದ್ದಾನೆ. ಅವನ ಮನೆಯಿಂದ ಹೊರಟು ಸರೋವರದ ದಂಡೆ ಹಿಡಿದು, ಬಳಿಕ ರೈನ್ ನದಿಯ ಏರಿಯ ಮೇಲೆ ಸಮತಟ್ಟಾದ ಸೈಕಲ್ ದಾರಿಯಲ್ಲಿ ಕೂರ್ ಪಟ್ಟಣ ಸೇರಿದೆ. ಸ್ವಿಟ್ಜರ್ಲೆಂಡಿನ ರಾಷ್ಟ್ರೀಯ ಸೈಕಲ್ ಮಾರ್ಗಗಳಲ್ಲಿ ಇದು 2ನೆಯದು. ಕೆಂಪು ಫಲಕ ನೋಡುತ್ತಾ ಹೋದರೆ ಮಕ್ಕಳೂ ದಾರಿ ತಪ್ಪುವುದಿಲ್ಲ. ಮೂರನೆಯ ದಿನ ಟೂಸಿಸ್ ದಾಟಿ ವಿಯಾ ಮಾಲಾ ಕಮರಿಯ ಮೂಲಕ ಏರಿದೆ. ಬಂಡೆಗಳ ನಡುವಿನ ಆ ಕಿರಿದಾದ ಸೀಳಿನಲ್ಲಿ ನೀರು ಎಲ್ಲೋ ಆಳದಲ್ಲಿ ಮೊರೆಯುತ್ತದೆ. ಸೇತುವೆಯ ಮೇಲೆ ನಿಂತು ಬಹಳ ಹೊತ್ತು ನೋಡಿದೆ. ಸಂಜೆಗೆ ಸುಮಾರು 1,450 ಮೀಟರ್ ಎತ್ತರದ ಸ್ಪ್ಲೂಗೆನ್ ಹಳ್ಳಿಯನ್ನು ಮುಟ್ಟಿದ್ದೆ.

ಸೆಪ್ಟೆಂಬರ್ ತಿಂಗಳ ಮಧ್ಯಭಾಗ. ಮರುದಿನ ಮಧ್ಯಾಹ್ನದಿಂದ ಮಳೆ, 2,000 ಮೀಟರ್ ಮೇಲೆ ಹಿಮ ಬೆರೆತ ಮಳೆ ಎಂದು ಮುನ್ಸೂಚನೆ ಇತ್ತು. ನಾನು ತಂಗಿದ್ದ ಮನೆಯ ಒಡತಿ, ಎಪ್ಪತ್ತು ದಾಟಿದ ಅಜ್ಜಿ, ಬೆಳಗಿನ ತಿಂಡಿಯ ಹೊತ್ತಿಗೆ ಕಿಟಕಿಯತ್ತ ಬೆರಳು ಮಾಡಿ, "ನಾಳೆ ಹೋಗಿ, ಇಂದು ಬೇಡ" ಎಂದರು. ಎರಡು ಬಾರಿ ಹೇಳಿದರು. ನಾನು ಆ ದಿನಕ್ಕೆ ಕೆಳಗಿನ ಕ್ಯಾವೆನ್ನಾ ಊರಿನಲ್ಲಿ ಕೋಣೆ ಕಾದಿರಿಸಿ ಹಣ ಕಟ್ಟಿದ್ದೆ, ಅದು ಮರಳಿ ಸಿಗುವಂತಿರಲಿಲ್ಲ. ಮುಂದಿನ ದಿನಗಳೂ ಒಂದರ ಬೆನ್ನಿಗೆ ಒಂದು ನಿಗದಿಯಾಗಿದ್ದವು. ಮಿಲಾನ್‌ನಿಂದ ವಿಮಾನ, ವೀಸಾದ ಕೊನೆಯ ದಿನಾಂಕ. ಒಂದೇ ಒಂದು ದಿನವನ್ನೂ ಖಾಲಿ ಬಿಟ್ಟಿರಲಿಲ್ಲ. ಇಂಥ ಪ್ರವಾಸದಲ್ಲಿ ಮೊದಲ ತಪ್ಪು ನಡೆಯುವುದು ಬೆಟ್ಟದಲ್ಲಲ್ಲ, ಮನೆಯಲ್ಲಿ ಕುಳಿತು ದಿನಗಳನ್ನು ಹಂಚುವಾಗ. ಘಾಟಿ ದಾಟುವ ದಿನದ ಆಚೀಚೆ ಒಂದೊಂದು ದಿನ ಖಾಲಿ ಇರಲಿ. ಕೋಣೆಯ ಹಣ ಹೋದರೆ ಹೋಗಲಿ.

ಹಳ್ಳಿಯಿಂದ ನೆತ್ತಿಗೆ ಸುಮಾರು ಒಂಬತ್ತು ಕಿಲೋಮೀಟರ್. ಅಷ್ಟರಲ್ಲೇ 650 ಮೀಟರ್‌ಗಳಷ್ಟು ಏರಬೇಕು. ಹದಿನೆಂಟು ಕಿಲೋ ಸಾಮಾನು ಹೊತ್ತ ಸೈಕಲ್ ಅನ್ನು ಅರ್ಧ ತುಳಿದು, ಅರ್ಧ ತಳ್ಳಿ ಏರಿದೆ. ಒಳಗೆ ತೊಟ್ಟದ್ದು ಹತ್ತಿಯ ಅಂಗಿ. ನಮ್ಮ ಬೇಸಿಗೆಗೆ ಅದಕ್ಕಿಂತ ಹಿತವಾದ ಬಟ್ಟೆ ಇಲ್ಲ, ಆದರೆ ಬೆವರು ಕುಡಿದ ಹತ್ತಿ ಒಣಗುವುದೇ ಇಲ್ಲ. ಕೊನೆಯ ತಿರುವುಗಳಲ್ಲಿ ಮಳೆ ಆರಂಭವಾಯಿತು. ಗಡಿಯ ಬಳಿ ಬರುವಷ್ಟರಲ್ಲಿ ಹನಿಗಳ ಜೊತೆ ಹಿಮದ ಚೂರುಗಳು ಮುಖಕ್ಕೆ ಬಡಿಯುತ್ತಿದ್ದವು. ಸಾವಿರ ಮೀಟರ್ ಏರಿದರೆ ಉಷ್ಣಾಂಶ ಆರರಿಂದ ಏಳು ಡಿಗ್ರಿ ಇಳಿಯುತ್ತದೆ ಎಂದು ಶಾಲೆಯಲ್ಲಿ ಓದಿದ್ದೆ. ಬೆವರಿದ ಮೈಯ ಮೇಲೆ ಗಂಟೆಗೆ ಮೂವತ್ತು ಕಿಲೋಮೀಟರ್ ವೇಗದ ಗಾಳಿ ಬಿದ್ದರೆ ಏನಾಗುತ್ತದೆ ಎಂಬುದನ್ನು ಓದಿರಲಿಲ್ಲ. ಏರುವಾಗ ದೇಹವೇ ಒಲೆಯಂತೆ ಉರಿಯುತ್ತದೆ. ಇಳಿಯುವಾಗ ಕಾಲಿಗೆ ಕೆಲಸವಿಲ್ಲ, ಒಲೆ ಆರುತ್ತದೆ, ಗಾಳಿ ಮಾತ್ರ ಹೆಚ್ಚುತ್ತದೆ.

ನೆತ್ತಿಯಿಂದ ಸ್ವಲ್ಪ ಕೆಳಗೆ ಮಾಂಟೆಸ್ಪ್ಲೂಗಾ ಎಂಬ ಪುಟ್ಟ ಊರಿದೆ. ಅದರ ಮುಂದೆ ಅಣೆಕಟ್ಟಿನ ಉದ್ದನೆಯ ಸರೋವರ. ಆ ಊರಿನಲ್ಲಿ ದೀಪ ಉರಿಯುತ್ತಿತ್ತು, ಹೊಗೆಗೂಡಿನಿಂದ ಹೊಗೆ ಏಳುತ್ತಿತ್ತು. ನನ್ನ ಹಲ್ಲುಗಳು ಕಟಕಟ ಎನ್ನುತ್ತಿದ್ದವು. ಒಣಗಿದ ಅಂಗಿ, ಉಣ್ಣೆಯ ಬನಿಯನ್, ಪೂರ್ತಿ ಬೆರಳಿನ ಕೈಗವಸು, ಎಲ್ಲವೂ ಹಿಂದಿನ ಚೀಲದಲ್ಲೇ ಇದ್ದವು. ನಾನು ನಿಲ್ಲಲಿಲ್ಲ. ಇನ್ನು ಬರೀ ಇಳಿಜಾರು, ಒಂದು ಗಂಟೆಯಲ್ಲಿ ಕೆಳಗೆ ಬಿಸಿಲು ಸಿಗುತ್ತದೆ ಎಂದುಕೊಂಡೆ. ನಿಂತರೆ ಇನ್ನಷ್ಟು ಚಳಿಯಾದೀತು ಎಂದೂ ಅನ್ನಿಸಿತು. ಈಗ ನೆನೆದರೆ ಭಯವಾಗುವುದು ಇದೇ. ಆ ಯೋಚನೆ ಆಗ ನನಗೆ ಸಂಪೂರ್ಣ ಸರಿ ಎನಿಸಿತ್ತು.

ಆ ನೆತ್ತಿಯಿಂದ ಕ್ಯಾವೆನ್ನಾಗೆ ಸುಮಾರು ಮೂವತ್ತು ಕಿಲೋಮೀಟರ್, ಇಳಿಯಬೇಕಾದದ್ದು ಹತ್ತಿರ ಹತ್ತಿರ 1,800 ಮೀಟರ್. ಅಣೆಕಟ್ಟು ದಾಟಿದ ಮೇಲೆ ರಸ್ತೆ ಕಡಿದಾಗುತ್ತದೆ. ಹಿಮಕುಸಿತದಿಂದ ಕಾಪಾಡಲು ಕಟ್ಟಿದ ಹಳೆಯ ಮುಚ್ಚು ರಸ್ತೆಗಳು, ಬೆಟ್ಟ ಕೊರೆದ ಕಿರಿದಾದ ಸುರಂಗಗಳು ಒಂದಾದ ಮೇಲೊಂದು ಬರುತ್ತವೆ. ಕೆಲವೆಡೆ ತಿರುವು ಇರುವುದೇ ಕತ್ತಲೆಯೊಳಗೆ. ನನ್ನ ಹಿಂದಿನ ಕೆಂಪು ದೀಪ ಚೀಲದಲ್ಲಿತ್ತು, ಹಗಲಲ್ಲವೇ ಎಂದು. ಸುರಂಗದಲ್ಲಿ ಸೈಕಲ್ ಸವಾರರು ಪ್ರತಿಫಲಿಸುವ ಅಂಗಿ ತೊಡಬೇಕೆಂಬುದು ಇಟಲಿಯ ಕಾನೂನು. ಅದು ನನ್ನ ಬಳಿ ಇರಲೇ ಇಲ್ಲ.

ಸೈಕಲ್ ಬಾಡಿಗೆಯದು. ಬ್ರೇಕ್ ರಬ್ಬರ್ ಹೊಸದು ಎಂದು ಅಂಗಡಿಯವರು ಹೇಳಿದ್ದನ್ನು ನಂಬಿ, ಬಗ್ಗಿ ನೋಡದೆ ಹೊರಟಿದ್ದೆ. ಆಮೇಲೆ ನೋಡಿದಾಗ ಹಿಂದಿನ ರಬ್ಬರ್ ಒಂದು ಬದಿಯಲ್ಲಿ ಲೋಹದವರೆಗೆ ಸವೆದಿತ್ತು. ರಿಮ್ ಹಿಡಿಯುವ ಬ್ರೇಕ್ ಮಳೆಯಲ್ಲಿ ಮೊದಲ ಒಂದೆರಡು ಸುತ್ತು ನೀರನ್ನು ಒರೆಸುತ್ತದಷ್ಟೆ, ಹಿಡಿತ ಸಿಗುವುದು ಆಮೇಲೆ. ಮೂರನೆಯ ಸುರಂಗದ ಹೊತ್ತಿಗೆ ನನ್ನ ಬೆರಳುಗಳು ಬ್ರೇಕ್ ಒತ್ತುತ್ತಿವೆಯೋ ಇಲ್ಲವೋ ಎಂದು ನೋಡಿಯೇ ತಿಳಿಯಬೇಕಿತ್ತು, ಸ್ಪರ್ಶ ಇರಲಿಲ್ಲ. ಸುರಂಗದೊಳಗೆ ನೋಡುವುದಾದರೂ ಹೇಗೆ? ಹಿಂದಿನಿಂದ ಒಂದು ವಾಹನದ ಸದ್ದು ಗೋಡೆಗಳಿಗೆ ಬಡಿದು ಹತ್ತು ಪಟ್ಟಾಗಿ ಕೇಳಿತು. ಬದಿಗೆ ಸರಿಯಲು ಹೋದೆ, ಮುಂದಿನ ಗಾಲಿ ಒದ್ದೆ ಕಲ್ಲಿನ ಅಂಚಿನಲ್ಲಿ ಜಾರಿತು. ಎಡಗೈ ಊರಿ ಬಿದ್ದೆ. ವಾಹನ ನನ್ನ ಪಕ್ಕದಲ್ಲೇ ಹಾದುಹೋಯಿತು. ಅವರಿಗೆ ನಾನು ಕಂಡೇ ಇರಲಿಲ್ಲ ಎಂದು ನನ್ನ ನಂಬಿಕೆ.

ಹೇಗೋ ಸೈಕಲ್ ಎಳೆದುಕೊಂಡು ಸುರಂಗದ ಹೊರಗೆ ಬಂದು ತಡೆಗಲ್ಲಿಗೆ ಒರಗಿ ಕುಳಿತೆ. ಇಲ್ಲಿಂದ ಮುಂದಿನದನ್ನು ಗಮನವಿಟ್ಟು ಓದಿ. ನಡುಕ ನಿಂತಿತು. ಒಳ್ಳೆಯದಾಯಿತು, ಚಳಿ ಕಡಿಮೆಯಾಗುತ್ತಿದೆ ಎಂದುಕೊಂಡೆ. ಮಣಿಕಟ್ಟಿನ ನೋವೂ ದೂರದಲ್ಲೆಲ್ಲೋ ಇತ್ತು. ಹತ್ತು ನಿಮಿಷ ಕಣ್ಣು ಮುಚ್ಚಿದರೆ ಎಲ್ಲ ಸರಿಹೋಗುತ್ತದೆ ಎನ್ನಿಸಿತು, ಅಮ್ಮ ಹಾಸಿಗೆ ಹಾಸಿ ಕರೆದಷ್ಟು ಹಿತವಾಗಿತ್ತು. ದೇಹದ ಒಳಗಿನ ಉಷ್ಣಾಂಶ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅದನ್ನು ವೈದ್ಯರು ಹೈಪೊಥರ್ಮಿಯಾ ಎನ್ನುತ್ತಾರೆ. ಬೆರಳು ಮಾತು ಕೇಳದಿರುವುದು, ನಾಲಗೆ ತೊದಲುವುದು, ಕಾಲು ಎಡವುವುದು ಅದರ ಲಕ್ಷಣಗಳು. ಬಟ್ಟೆ ಬದಲಿಸದೆ ನಡುಕ ತಾನಾಗಿ ನಿಂತರೆ ಅದು ಗುಣವಾಗುವ ಸೂಚನೆಯಲ್ಲ, ಪರಿಸ್ಥಿತಿ ಬಿಗಡಾಯಿಸಿದ ಸೂಚನೆ. ಇದಕ್ಕಿಂತ ಕೆಟ್ಟದ್ದೆಂದರೆ, ಚಳಿ ಬಹಳ ಬೇಗ ಬುದ್ಧಿಗೇ ಕೈ ಹಾಕುತ್ತದೆ. ಜೊತೆಗೊಬ್ಬರಿದ್ದರೆ "ನೀನು ತೊದಲುತ್ತಿದ್ದೀಯ, ನಿಲ್ಲು" ಎನ್ನುತ್ತಿದ್ದರು. ಒಂಟಿಯಾಗಿ ಹೋದವರಿಗೆ ಆ ಮಾತು ಹೇಳಲು ಯಾರೂ ಇರುವುದಿಲ್ಲ. ಮಾಂಟೆಸ್ಪ್ಲೂಗಾದಲ್ಲಿ ನಿಲ್ಲುವುದು ಬೇಡ ಎಂದು ತೀರ್ಮಾನಿಸಿದವಳು ಆಗಲೇ ಅರ್ಧ ಬುದ್ಧಿ ಕಳೆದುಕೊಂಡಿದ್ದವಳು.

ಮನೆಯಂಥ ವ್ಯಾನಿನಲ್ಲಿ ಪ್ರವಾಸ ಹೊರಟಿದ್ದ ಇಟಲಿಯ ದಂಪತಿ ನನ್ನನ್ನು ಕಂಡು ನಿಲ್ಲಿಸಿದರು. ಆ ತಾಯಿ ಒಂದು ಮಾತನ್ನೂ ಕೇಳದೆ ಒಳಗೆ ಕರೆದೊಯ್ದು, ಗಂಡನನ್ನು ಹೊರಗೆ ನಿಲ್ಲಿಸಿ, ಒದ್ದೆ ಬಟ್ಟೆಯನ್ನೆಲ್ಲ ಬಿಚ್ಚಿಸಿ ಕಂಬಳಿ ಸುತ್ತಿದರು. ಸಕ್ಕರೆ ಹೆಚ್ಚು ಹಾಕಿದ ಚಹಾವನ್ನು ಚಮಚದಲ್ಲಿ ಕುಡಿಸಿದರು. ನನ್ನ ಕೈ ಉಜ್ಜಲು ಹೋಗಲಿಲ್ಲ, ಮದ್ಯ ಕೊಡಲಿಲ್ಲ. ಎರಡೂ ಅಪಾಯ ಎಂದು ಆಸ್ಪತ್ರೆಯಲ್ಲಿ ಆಮೇಲೆ ತಿಳಿಯಿತು. ಅವರೇ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿದರು. ಅವರು ಬಾರದಿದ್ದರೆ ಎಂಬ ಯೋಚನೆ ನನಗೆ ಇಂದಿಗೂ ರಾತ್ರಿ ಬರುತ್ತದೆ.

ನನ್ನ ಮೊಬೈಲ್‌ನಲ್ಲಿ ಜರ್ಮನಿಯ ಸಿಮ್ ಇತ್ತು. ಸ್ವಿಟ್ಜರ್ಲೆಂಡ್ ಐರೋಪ್ಯ ಒಕ್ಕೂಟದಲ್ಲಿಲ್ಲವಾದ್ದರಿಂದ ಒಕ್ಕೂಟದ ದೇಶಗಳಲ್ಲಿ ಹೆಚ್ಚುವರಿ ಶುಲ್ಕವಿಲ್ಲದೆ ನಡೆಯುವ ಸಿಮ್ ಅಲ್ಲಿ ದುಬಾರಿ ಬಿಲ್ ತರಬಹುದು. ಅದಕ್ಕೆ ಹೆದರಿ ಡೇಟಾ ಮುಚ್ಚಿದ್ದೆ, ಇಟಲಿಗೆ ಬಂದ ಮೇಲೂ ತೆರೆಯಲು ನೆನಪಾಗಲಿಲ್ಲ. ಡೇಟಾ ಇಲ್ಲವೆಂದರೆ ಫೋನೇ ಇಲ್ಲ ಎಂಬಂತೆ ಸುಮ್ಮನೆ ಕುಳಿತಿದ್ದೆ. 112 ಸಂಖ್ಯೆ ಎರಡೂ ದೇಶಗಳಲ್ಲಿ ನಡೆಯುತ್ತದೆ, ಅದಕ್ಕೆ ಡೇಟಾ ಬೇಡ, ನಿಮ್ಮ ಕಂಪನಿಯ ಸಿಗ್ನಲ್ಲೇ ಬೇಕೆಂದೂ ಇಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಹೆಲಿಕಾಪ್ಟರ್ ರಕ್ಷಣೆಗೆ 1414 ಇದೆ. ಎರಡನ್ನೂ ಕಾಗದದಲ್ಲಿ ಬರೆದು ಹ್ಯಾಂಡಲ್‌ಗೆ ಅಂಟಿಸಿಕೊಳ್ಳಿ.

ಮಣಿಕಟ್ಟಿನ ಮೂಳೆ ಸೀಳಿತ್ತು. ಚಿಕಿತ್ಸೆ ಚೆನ್ನಾಗಿಯೇ ನಡೆಯಿತು. ವಿಮೆಯದು ಬೇರೆ ಕಥೆ. ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಕೊಡುವ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ವಿಮೆ ಕಡ್ಡಾಯ. ಆ ಕಾಗದ ಇದ್ದರೆ ಸಾಕೆಂದು ನಾನು ತಿಳಿದಿದ್ದೆ. ನನ್ನ ವಿಮೆಯ ಸಣ್ಣಕ್ಷರದ ಷರತ್ತುಗಳಲ್ಲಿ ಸಾಹಸ ಕ್ರೀಡೆಗೆ ಪರಿಹಾರವಿಲ್ಲ ಎಂದಿತ್ತು. ರಸ್ತೆಯಲ್ಲಿ ಸೈಕಲ್ ತುಳಿಯುವುದು ಸಾಹಸ ಕ್ರೀಡೆಯೇ ಎಂಬ ಪ್ರಶ್ನೆಯ ಮೇಲೆ ನಾಲ್ಕು ತಿಂಗಳು ಪತ್ರ ವ್ಯವಹಾರ ನಡೆದು, ಕೊನೆಗೆ ಅರ್ಧ ಹಣ ಬಂತು. ಕೊಳ್ಳುವ ಮುನ್ನ ಸೈಕಲ್ ಪ್ರವಾಸಕ್ಕೂ ಬೆಟ್ಟದ ರಕ್ಷಣಾ ವೆಚ್ಚಕ್ಕೂ ಪರಿಹಾರವಿದೆಯೇ ಎಂದು ಬರಹದಲ್ಲಿ ಕೇಳಿ, ಉತ್ತರವನ್ನು ಇಟ್ಟುಕೊಳ್ಳಿ.

ಎರಡು ದಿನಗಳ ನಂತರ ಕೈಗೆ ಪಟ್ಟಿ ಕಟ್ಟಿಕೊಂಡು ಕ್ಯಾವೆನ್ನಾದಿಂದ ಕೋಲಿಕೋಗೆ ರೈಲಿನಲ್ಲಿ ಹೋದೆ. ಕೋಮೋ ಸರೋವರದ ಉತ್ತರ ತುದಿಯ ಊರು ಅದು. ಅಲ್ಲಿ ನನ್ನ ನಕ್ಷೆಯ ಇನ್ನೊಂದು ದೋಷ ಕಣ್ಣಿಗೆ ಬಿತ್ತು. ಘಾಟಿಯಿಂದ ಇಳಿಯುವ ರಸ್ತೆಯ ಸಂಖ್ಯೆ 36. ಅದೇ 36 ಕೋಲಿಕೋದಿಂದ ಲೆಕ್ಕೋವರೆಗೆ ಸರೋವರದ ಪೂರ್ವ ದಂಡೆಯಲ್ಲಿ ಉದ್ದುದ್ದ ಸುರಂಗಗಳ ವೇಗದ ಹೆದ್ದಾರಿಯಾಗುತ್ತದೆ; ಸೈಕಲ್‌ಗೆ ಅಲ್ಲಿ ಪ್ರವೇಶವಿಲ್ಲ. ಮನೆಯಲ್ಲಿ ನಾನು ಎಳೆದುಕೊಂಡಿದ್ದ ಗೆರೆ ಆ ಸಂಖ್ಯೆಯನ್ನೇ ಹಿಡಿದು ನೇರ ಅದರೊಳಗೆ ಹೋಗಿತ್ತು. ನೀವು ದಂಡೆಯ ಹಳೆಯ ರಸ್ತೆಯಾದ 72 ಹಿಡಿಯಿರಿ. ವಾಹನ ದಟ್ಟಣೆ ಬೇಸರವಾದರೆ ವರೆನ್ನಾದಿಂದ ಬೆಲ್ಲಾಜಿಯೋಗೆ ದೋಣಿಯಿದೆ, ಸೈಕಲ್ ಒಯ್ಯಬಹುದು. ದಕ್ಷಿಣಕ್ಕೆ ಹೋಗುವವರು ಬೆಳಿಗ್ಗೆಯೇ ಹೊರಡಿ. ಮಧ್ಯಾಹ್ನ ಬ್ರೇವಾ ಎಂಬ ಗಾಳಿ ದಕ್ಷಿಣದಿಂದ ಎದುರಿಗೆ ಬೀಸುತ್ತದೆ.

ಬೆಲ್ಲಾಜಿಯೋದ ಮೇಲಿನ ಗುಡ್ಡದಲ್ಲಿ ಗಿಸಾಲ್ಲೋ ಮಾತೆಯ, ಅಂದರೆ ಮೇರಿ ಮಾತೆಯ, ಪುಟ್ಟ ಗುಡಿಯಿದೆ. 1949ರಲ್ಲಿ ಪೋಪ್ 12ನೇ ಪಯಸ್ ಆ ಮಾತೆಯನ್ನು ಸೈಕಲ್ ಸವಾರರ ರಕ್ಷಕಿ ಎಂದು ಘೋಷಿಸಿದರು. ಗೋಡೆಯ ತುಂಬ ಪ್ರಸಿದ್ಧ ಸವಾರರ ಸೈಕಲ್‌ಗಳನ್ನು ತೂಗುಹಾಕಿದ್ದಾರೆ, ಜೊತೆಗೆ ರಸ್ತೆಯಲ್ಲಿ ತೀರಿಕೊಂಡವರ ಚಿತ್ರಗಳೂ ಇವೆ. ಅಲ್ಲಿಗೆ ಸೈಕಲ್ ತುಳಿದುಕೊಂಡು ಹೋಗಬೇಕೆಂದು ಎರಡು ವರ್ಷ ಕನಸು ಕಂಡಿದ್ದೆ. ಬಸ್ಸಿನಲ್ಲಿ ಹೋಗಿ, ಬಲಗೈಯಲ್ಲಿ ಒಂದು ಮೇಣದಬತ್ತಿ ಹಚ್ಚಿ ಬಂದೆ.

ನಕ್ಷೆ ಬೇಕಾದವರು ಕೇಳಿ, ಇಂದೇ ಕಳುಹಿಸುತ್ತೇನೆ. 36ರ ಗೆರೆ ತಿದ್ದಿದ್ದೇನೆ. ಸ್ಪ್ಲೂಗೆನ್ ಹಳ್ಳಿಯ ಪಕ್ಕದಲ್ಲಿ "ಬೆಳಿಗ್ಗೆ ಏಳಕ್ಕೆ ಹೊರಡಿ, ಮಧ್ಯಾಹ್ನದ ಮಳೆಯ ಮುನ್ಸೂಚನೆ ಇದ್ದರೆ ಹೊರಡಬೇಡಿ, ಹಿಂದಿನ ರಾತ್ರಿಯೇ ಇದನ್ನು ನಿರ್ಧರಿಸಿ" ಎಂದು ಬರೆದಿದ್ದೇನೆ. ಮಾಂಟೆಸ್ಪ್ಲೂಗಾಕ್ಕೆ ಕೆಂಪು ಗುರುತು ಹಾಕಿದ್ದೇನೆ. ಬಿಸಿಲಿದ್ದರೂ ಅಲ್ಲಿ ನಿಲ್ಲಿ. ಒಳ ಅಂಗಿ ಬದಲಿಸಿ, ಬಿಸಿಯಾದದ್ದೇನಾದರೂ ಕುಡಿಯಿರಿ, ಹಿಂದಿನ ದೀಪ ಹಚ್ಚಿ, ಬ್ರೇಕ್ ರಬ್ಬರ್‌ಗಳನ್ನು ಬಗ್ಗಿ ನೋಡಿ. ಆಮೇಲೆ ನಿಮ್ಮವರಿಗೆ ಫೋನ್ ಮಾಡಿ ಎರಡು ನಿಮಿಷ ಮಾತನಾಡಿ. ನಿಮ್ಮ ಮಾತು ತೊದಲುತ್ತಿದ್ದರೆ ಅದು ಅವರಿಗೆ ತಿಳಿಯುತ್ತದೆ.