ಇಯರ್‌ಫೋನ್ ಅಳೆಯುವ ಕಪ್ಲರ್, ಯುಎಸ್‌ಬಿ ಸೌಂಡ್ ಕಾರ್ಡ್: ಮೂರು ಮಳೆಗಾಲದ ಬಳಕೆಯ ನಂತರ

711 ಮಾದರಿಯ ಕಪ್ಲರ್ ಒಂದನ್ನೂ ಅಗ್ಗದ ಯುಎಸ್‌ಬಿ ಸೌಂಡ್ ಕಾರ್ಡ್ ಒಂದನ್ನೂ ತರಿಸಿಕೊಂಡು ಉಡುಪಿಯ ನಮ್ಮ ಮನೆಯಲ್ಲಿ ಬಳಸತೊಡಗಿ ಮೂರು ಮಳೆಗಾಲ ಕಳೆದಿವೆ. ಯಕ್ಷಗಾನದ ಧ್ವನಿಮುದ್ರಣ ಕೇಳುವಾಗ ಒಂದು ಇಯರ್‌ಫೋನಿನಲ್ಲಿ ಚೆಂಡೆಯ ಪೆಟ್ಟು ಕಿವಿಗೆ ಚುಚ್ಚುತ್ತದೆ, ಇನ್ನೊಂದರಲ್ಲಿ ಭಾಗವತರ ಪದವೇ ಮಂಕಾಗುತ್ತದೆ. ಇದರ ಕಾರಣವನ್ನು, ಯಾವ ಸ್ವರ ಎಷ್ಟು ಜೋರಾಗಿ ಬರುತ್ತದೆಂದು ತೋರಿಸುವ ಗ್ರಾಫಿನಲ್ಲಿ ಕಾಣಬೇಕೆಂಬುದು ನನ್ನ ಆಸೆಯಾಗಿತ್ತು. ಕಪ್ಲರ್ ಎಂದರೆ ಕಿವಿಯ ನಾಳದ ಬದಲಿಗೆ ನಿಲ್ಲುವ ಲೋಹದ ಕೊಳವೆ, ಅದರ ಒಳತುದಿಯಲ್ಲಿ ಮೈಕ್ ಇರುತ್ತದೆ. ಅಳತೆಗೆ ಉಚಿತವಾಗಿ ಸಿಗುವ ರೂಮ್ ಈಕ್ಯೂ ವಿಜಾರ್ಡ್ ತಂತ್ರಾಂಶವನ್ನು ಬಳಸುತ್ತಿದ್ದೇನೆ.

ಮೊದಲ ಎರಡು ತಿಂಗಳ ಗ್ರಾಫುಗಳಲ್ಲಿ ಒಂದೂ ನಂಬುವಂತಿರಲಿಲ್ಲ. ಇಯರ್‌ಫೋನನ್ನು ಕದಲಿಸದೆ ಎರಡು ಸಲ ಅಳೆದರೆ ಎರಡು ಬೇರೆ ಗೆರೆಗಳು ಬರುತ್ತಿದ್ದವು. ಕಪ್ಲರೇ ಕೆಟ್ಟಿದೆಯೆಂದು ತಿಳಿದು ಹಿಂದಿರುಗಿಸಲು ಪೊಟ್ಟಣ ಕಟ್ಟಿಯೂ ಆಗಿತ್ತು. ಅದನ್ನು ಕಳಿಸುವ ಮೊದಲು ಒಮ್ಮೆ, ವಾಲ್ಯೂಮನ್ನು ಬಹಳ ತಗ್ಗಿಸಿ, ಸೌಂಡ್ ಕಾರ್ಡಿನ ಔಟ್‌ಪುಟ್ಟನ್ನು ಒಂದು ಗಿಡ್ಡ ಕೇಬಲಿನಿಂದ ಅದರದ್ದೇ ಇನ್‌ಪುಟ್ಟಿಗೆ ಜೋಡಿಸಿ, ಮೈಕೂ ಇಯರ್‌ಫೋನೂ ಇಲ್ಲದೆ ಅಳೆದು ನೋಡಿದೆ. ಹೆಚ್ಚುಕಡಿಮೆ ನೇರವಾಗಿ ಬರಬೇಕಿದ್ದ ಗೆರೆ ಅಲ್ಲೂ ಏರಿಳಿಯುತ್ತಿತ್ತು. ಕಪ್ಲರಿನ ಮೇಲೆ ಹೊರಿಸಿದ್ದ ದೋಷ ಕಂಪ್ಯೂಟರಿನೊಳಗೆ ಇತ್ತು.

ಕರೆಗಳಲ್ಲಿ ಮಾತು ಸ್ಪಷ್ಟವಾಗಲೆಂದು ಮೈಕ್ ಸೆಟ್ಟಿಂಗಿನಲ್ಲಿ ನಾಯ್ಸ್ ಸಪ್ರೆಷನ್ ಮತ್ತು ಆಟೊಮ್ಯಾಟಿಕ್ ಗೇನ್ ಮೊದಲಿನಿಂದಲೇ ಆನ್ ಆಗಿದ್ದವು. ತಗ್ಗಿನಿಂದ ಏರುತ್ತ ಹೋಗುವ ಅಳತೆಯ ಸ್ವರವನ್ನು ಮೊದಲನೆಯದು ಗದ್ದಲವೆಂದು ಬಗೆದು ಅಲ್ಲಲ್ಲಿ ಅಳಿಸುತ್ತಿತ್ತು. ಎರಡನೆಯದು ಸಣ್ಣ ಸದ್ದನ್ನು ಹಿಗ್ಗಿಸಿ ದೊಡ್ಡದನ್ನು ಕುಗ್ಗಿಸುತ್ತಿತ್ತು. ಎರಡನ್ನೂ ಆಫ್ ಮಾಡಿ, ಪ್ಲೇಬ್ಯಾಕಿಗೆ 44.1, ರೆಕಾರ್ಡಿಂಗಿಗೆ 48 ಕಿಲೋಹರ್ಟ್ಸ್ ಎಂದಿದ್ದ ಸ್ಯಾಂಪಲ್ ರೇಟನ್ನು (ಸೆಕೆಂಡಿಗೆ ಸದ್ದಿನ ಎಷ್ಟು ಮಾದರಿಗಳು ಎಂಬ ಲೆಕ್ಕ) ಎರಡೂ ಕಡೆ 48ಕ್ಕೆ ತಂದ ಮೇಲೆ ಗೆರೆ ನೆಟ್ಟಗಾಯಿತು. ಉಳಿದದ್ದು ಮನೆಯ ಕರೆಂಟಿನಿಂದ ಬರುವ 50 ಹರ್ಟ್ಸಿನ ಗುಂಯ್‌ಗುಡುವಿಕೆ. 100, 150ರಲ್ಲೂ ಅದರ ಮುಳ್ಳುಗಳು ಕಾಣುತ್ತಿದ್ದವು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತ ಕೂಡಲೇ ಅದು ಮಾಯವಾಯಿತು.

ಕಪ್ಲರಿನ ಬಗ್ಗೆ ನನಗೆ ಈಗ ಪೂರ್ಣ ಗೌರವವಿದೆ. ಇಯರ್‌ಟಿಪ್ ಸರಿಯಾಗಿ ಬಿಗಿಯದಿದ್ದರೆ ಬೇಸ್ ಕುಸಿಯುತ್ತದೆ; ತೂರಿಸಿದ ಆಳ ತುಸು ಬದಲಾದರೂ 8 ಕಿಲೋಹರ್ಟ್ಸಿನ ಆಸುಪಾಸಿನ ಶಿಖರ ಜಾಗ ಬದಲಿಸುತ್ತದೆ. ಆದ್ದರಿಂದ ಪ್ರತಿ ಇಯರ್‌ಫೋನನ್ನೂ ತೆಗೆದು ಮತ್ತೆ ತೂರಿಸಿ ಮೂರು ಬಾರಿ ಅಳೆಯುತ್ತೇನೆ, 10 ಕಿಲೋಹರ್ಟ್ಸಿನ ಮೇಲಿನ ಗೆರೆಯನ್ನು ನೆಚ್ಚಿ ತೀರ್ಪು ಕೊಡುವುದಿಲ್ಲ. ಆಟಿ ತಿಂಗಳ ತೇವಕ್ಕೆ ಮೈಕ್ ಹಾಳಾಗಬಾರದೆಂದು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡುತ್ತೇನೆ. ಅದೇ ಹಳೆಯ ಇಯರ್‌ಫೋನನ್ನು ಆಗಾಗ ಅಳೆದು ಹೋಲಿಸಿದಾಗ ಈವರೆಗೆ ಗಮನಿಸಬೇಕಾದ ವ್ಯತ್ಯಾಸ ಕಂಡಿಲ್ಲ.

ಸೌಂಡ್ ಕಾರ್ಡನ್ನು ಮಾತ್ರ ಕೊಳ್ಳಿರೆಂದು ಯಾರಿಗೂ ಹೇಳಲಾರೆ. ಒಂದು ವರ್ಷದೊಳಗೆ ಅದರ ಮೈಕ್ ಸಾಕೆಟ್ ಸಡಿಲವಾಯಿತು, ಮಾರಿದವರಿಗೆ ಎರಡು ಬಾರಿ ಬರೆದರೂ ಉತ್ತರ ಬರಲಿಲ್ಲ. ಹೊಸದಾಗಿ ಕೊಳ್ಳುವವರು ಗೇನನ್ನು, ಅಂದರೆ ಮೈಕಿನ ಸದ್ದನ್ನು ಹಿಗ್ಗಿಸುವ ಪ್ರಮಾಣವನ್ನು, ಕೈಯಿಂದ ತಿರುಗಿಸುವ ಗುಬುಟು ಇರುವ ಆಡಿಯೋ ಇಂಟರ್‌ಫೇಸಿಗೆ (ಇನ್ನೂ ಉತ್ತಮ ಸೌಂಡ್ ಕಾರ್ಡಿಗೆ) ಇನ್ನಷ್ಟು ಹಣ ಹಾಕುವುದು ಒಳ್ಳೆಯದು. ಕಂಪ್ಯೂಟರ್ ಅಪ್‌ಡೇಟ್ ಆದಾಗ ಆಫ್ ಮಾಡಿದ್ದ ಸೆಟ್ಟಿಂಗುಗಳು ನನ್ನಲ್ಲಿ ಎರಡು ಸಲ ತಾವಾಗಿಯೇ ಆನ್ ಆಗಿವೆ. ಹಾಗಾಗಿ ಆ ಗಿಡ್ಡ ಕೇಬಲ್ ಈಗ ಕಪ್ಲರಿನ ಡಬ್ಬಿಯಲ್ಲೇ ಇದೆ, ಅಳತೆಗೆ ಕೂತಾಗ ಮೊದಲು ಹೊರಬರುವುದು ಅದೇ.